ಕಿಕ್ ರಿಟರ್ನರ್ ವೈಡ್ ರಿಸೀವರ್ ಆಗಬೇಕೆ? ಮೊದಲ ಐದು ಗಜ ನೋಡಿ ಹೇಳಿ

ಅಮೆರಿಕನ್ ಫುಟ್‌ಬಾಲ್ ಸೀಸನ್ ಬಂತೆಂದರೆ ಯಾವುದಾದರೂ ಒಂದು ತಂಡದ ಸುತ್ತ ಈ ಚರ್ಚೆ ಎದ್ದೇ ಏಳುತ್ತದೆ. ಒದ್ದ ಚೆಂಡನ್ನು ಹಿಡಿದು, ಎದುರಾಳಿಗಳ ನಡುವೆ ನುಸುಳಿ, ಎಂಬತ್ತು ತೊಂಬತ್ತು ಗಜ ಓಡಿ ಟಚ್‌ಡೌನ್ (ಎದುರಾಳಿಯ ಗೋಲ್ ಗೆರೆ ದಾಟಿ ಪಡೆಯುವ ಅಂಕ) ಗಳಿಸುವ ಆಟಗಾರನೊಬ್ಬ, ಅಂದರೆ ರಿಟರ್ನರ್, ತಂಡದಲ್ಲಿರುತ್ತಾನೆ. ಇಡೀ ಪಂದ್ಯದಲ್ಲಿ ಅವನ ಕೈಗೆ ಚೆಂಡು ಸಿಗುವುದು ಮಾತ್ರ ನಾಲ್ಕೈದು ಸಲ. ತಂಡದ ಆಫೆನ್ಸ್, ಅಂದರೆ ಚೆಂಡನ್ನು ಮುನ್ನಡೆಸುವ ಪಡೆ, ಒಂದು ಪಂದ್ಯದಲ್ಲಿ ಅರವತ್ತರಿಂದ ಎಪ್ಪತ್ತು ಸ್ನ್ಯಾಪ್ (ಬಿಡಿ ಆಟ) ಆಡುತ್ತದೆ. ಅಷ್ಟು ಹೊತ್ತೂ ಇವನು ಗೆರೆಯ ಹೊರಗೆ ನಿಂತು ನೋಡುತ್ತಿರುತ್ತಾನೆ. ಇವನನ್ನೇ ವೈಡ್ ರಿಸೀವರ್ (ಎಸೆದ ಪಾಸ್ ಹಿಡಿಯುವವನು) ಮಾಡಿ ಇನ್ನೊಂದು ಏಳೆಂಟು ಸಲ ಚೆಂಡು ಕೊಡಬಾರದೇಕೆ ಎಂದು ಅಭಿಮಾನಿಗಳು ಕೇಳುತ್ತಾರೆ, ಕೋಚ್‌ಗಳು ಯೋಚಿಸುತ್ತಾರೆ, ಆಟಗಾರನೂ ಅದನ್ನೇ ಬಯಸುತ್ತಾನೆ.

ಕೇಳುವುದಕ್ಕೆ ಸರಿಯಾಗಿಯೇ ಇದೆ. ತೊಡಕಿರುವುದು ಎರಡು ಕೆಲಸಗಳ ಸ್ವಭಾವದಲ್ಲಿ. ರಿಟರ್ನರ್‌ನ ಪ್ರತಿಭೆ ಕಾಣುವುದು ಚೆಂಡು ಕೈಗೆ ಬಂದ ಮೇಲೆ. ರಿಸೀವರ್‌ನ ಕೆಲಸದ ಮುಕ್ಕಾಲು ಪಾಲು ಚೆಂಡು ಕೈಗೆ ಬರುವ ಮುನ್ನವೇ ಮುಗಿದಿರುತ್ತದೆ. ಮೊದಲನೆಯದನ್ನು ನೋಡಿ ಎರಡನೆಯದನ್ನು ಊಹಿಸಹೊರಟಾಗಲೇ ತಂಡಗಳು ಎಡವುತ್ತವೆ. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಶಿಕಾಗೋ ಬೇರ್ಸ್ ತಂಡದ ಡೆವಿನ್ ಹೆಸ್ಟರ್. ಆ ಉದಾಹರಣೆಯನ್ನು ಅರ್ಧಕ್ಕೆ ನಿಲ್ಲಿಸದೆ ಪೂರ್ತಿ ನೋಡಬೇಕು.

ಹೆಸ್ಟರ್ ಲೆಕ್ಕ

2006ರಲ್ಲಿ ಮಯಾಮಿ ವಿಶ್ವವಿದ್ಯಾಲಯದಿಂದ ಬಂದ ಹೆಸ್ಟರ್‌ನನ್ನು ಬೇರ್ಸ್ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನ ಎರಡನೇ ಸುತ್ತಿನಲ್ಲಿ, ಒಟ್ಟಾರೆ 57ನೆಯವನಾಗಿ ಆರಿಸಿಕೊಂಡಿತು. ಕಾಗದದ ಮೇಲೆ ಅವನು ಕಾರ್ನರ್‌ಬ್ಯಾಕ್, ಅಂದರೆ ಎದುರಾಳಿ ರಿಸೀವರ್‌ನನ್ನು ತಡೆಯುವ ಡಿಫೆನ್ಸ್ ಆಟಗಾರ. ಕಾಲೇಜಿನಲ್ಲಿ ಅವನನ್ನು ಒಂದಿಷ್ಟು ಡಿಫೆನ್ಸ್‌ನಲ್ಲಿ, ಒಂದಿಷ್ಟು ಆಫೆನ್ಸ್‌ನಲ್ಲಿ ಆಡಿಸಿದ್ದರು. ಯಾವ ಸ್ಥಾನವೂ ಗಟ್ಟಿಯಾಗಿ ಅವನದಾಗಿರಲಿಲ್ಲ. ಮೊದಲ ಸೀಸನ್ನಿನಲ್ಲೇ ಆರು ರಿಟರ್ನ್ ಟಚ್‌ಡೌನ್. 2007ರ ಫೆಬ್ರವರಿ 4ರ ಸೂಪರ್ ಬೌಲ್‌ನಲ್ಲಿ (ಲೀಗಿನ ಅಂತಿಮ ಪಂದ್ಯ) ಮೊಟ್ಟಮೊದಲ ಕಿಕ್‌ಆಫನ್ನೇ (ಆಟ ಶುರುಮಾಡುವ ಒದೆತ) 92 ಗಜ ಓಡಿ ಟಚ್‌ಡೌನ್ ಮಾಡಿದ. ಸೂಪರ್ ಬೌಲ್ ಇತಿಹಾಸದಲ್ಲಿ ಅದಕ್ಕೂ ಮುಂಚೆ ಯಾರೂ ಹಾಗೆ ಮಾಡಿರಲಿಲ್ಲ. ಅಲ್ಲಿಂದ ಮುಂದೆ ಎದುರಾಳಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ಅವನ ಕಡೆಗೆ ಚೆಂಡು ಒದೆಯುವುದನ್ನೇ ಬಿಟ್ಟಿತು.

2007ರಲ್ಲಿ ಅವನನ್ನು ಅಧಿಕೃತವಾಗಿ ವೈಡ್ ರಿಸೀವರ್ ಮಾಡಿದರು. ಆ ವರ್ಷ ರಿಸೀವರ್ ಆಗಿ ಅವನ ಪಾತ್ರ ಚಿಕ್ಕದು: 20 ಕ್ಯಾಚ್, 299 ಗಜ. ರಿಟರ್ನ್‌ನಲ್ಲಿ ಮತ್ತೆ ಆರು ಟಚ್‌ಡೌನ್ ಬಂದವು. 2008ರಲ್ಲಿ ಅವನನ್ನು ಪೂರ್ಣಾವಧಿ ರಿಸೀವರ್ ಆಗಿ ನಿಲ್ಲಿಸಿದರು: 51 ಕ್ಯಾಚ್, 665 ಗಜ. 2009ರಲ್ಲಿ 57 ಕ್ಯಾಚ್, 757 ಗಜ. ಅವನ ಇಡೀ ವೃತ್ತಿಜೀವನದಲ್ಲಿ ರಿಸೀವರ್ ಆಗಿ ಅತ್ಯುತ್ತಮ ಸಾಧನೆ ಈ 757 ಗಜ. ಮೊದಲ ದರ್ಜೆಯ ರಿಸೀವರ್ ಎನಿಸಿಕೊಳ್ಳಲು ಬೇಕಾದ ಸಾವಿರದ ಗಡಿಯನ್ನು ಅವನು ಎಂದೂ ಮುಟ್ಟಲಿಲ್ಲ.

ಇನ್ನೊಂದು ಕಡೆ ಏನಾಯಿತು? 2008 ಮತ್ತು 2009, ಎರಡೂ ವರ್ಷ ಸೇರಿ ರಿಟರ್ನ್ ಟಚ್‌ಡೌನ್ ಸೊನ್ನೆ. 2007ರಲ್ಲಿ ಪಂಟ್‌ಗೆ (ಮುನ್ನಡೆಯಲಾಗದ ತಂಡ ಚೆಂಡನ್ನು ದೂರಕ್ಕೆ ಒದ್ದು ಬಿಟ್ಟುಕೊಡುವುದು) ಸರಾಸರಿ 15.5 ಗಜ ತರುತ್ತಿದ್ದವನು 2008ರಲ್ಲಿ 6.2ಕ್ಕೆ ಇಳಿದ. ಕಿಕ್‌ಆಫ್ ಕೆಲಸ ಡ್ಯಾನಿಯಲ್ ಮ್ಯಾನಿಂಗ್ ಪಾಲಾಯಿತು. 2010ರಲ್ಲಿ ರಿಸೀವರ್ ಹೊರೆ ಇಳಿದು ಕ್ಯಾಚ್‌ಗಳು 40ಕ್ಕೆ ಬಂದವು. ಪಂಟ್ ಸರಾಸರಿ 17.1ಕ್ಕೆ ಜಿಗಿದು ಮೂರು ಟಚ್‌ಡೌನ್ ಬಂದವು. 2011ರಲ್ಲಿ 26 ಕ್ಯಾಚ್, ಮತ್ತೆ ಮೂರು ರಿಟರ್ನ್ ಟಚ್‌ಡೌನ್.

ಒಂದು ಏರಿದರೆ ಇನ್ನೊಂದು ಇಳಿಯುತ್ತದೆ ಎಂದು ಇಷ್ಟರಿಂದಲೇ ತೀರ್ಮಾನಿಸಿಬಿಡುವ ಆಸೆ ಯಾರಿಗೂ ಆಗುತ್ತದೆ. ಅಷ್ಟು ಸಲೀಸಲ್ಲ. ರಿಟರ್ನ್ ಟಚ್‌ಡೌನ್ ತೀರಾ ಅಪರೂಪದ ಘಟನೆ. ವರ್ಷಕ್ಕೆ ಮೂವತ್ತು ನಲವತ್ತು ಅವಕಾಶಗಳಲ್ಲಿ ಒಂದೆರಡು ಅತ್ತಿತ್ತಾದರೂ ಅಂಕಿ ಪೂರಾ ಬದಲಾಗುತ್ತದೆ. ಎದುರಾಳಿಗಳೂ ಜಾಗರೂಕರಾಗಿ ಚೆಂಡನ್ನು ಪಕ್ಕದ ಗೆರೆಯಾಚೆಗೆ ಒದೆಯತೊಡಗಿದ್ದರು. 2012ರಲ್ಲಿ ಕ್ಯಾಚ್ 23ಕ್ಕೆ ಇಳಿದರೂ ರಿಟರ್ನ್ ಟಚ್‌ಡೌನ್ ಬರಲಿಲ್ಲ. ಹಾಗಿದ್ದರೂ ರಿಸೀವರ್ ಆಗಿ ಅತಿ ಹೆಚ್ಚು ದುಡಿದ ಎರಡು ವರ್ಷಗಳೇ ಪಂಟ್ ಸರಾಸರಿ ಕುಸಿದ ವರ್ಷಗಳು ಎಂಬುದನ್ನು ಕಡೆಗಣಿಸುವಂತಿಲ್ಲ. ಕೊನೆಗೆ ಒಟ್ಟು 20 ರಿಟರ್ನ್ ಟಚ್‌ಡೌನ್‌ಗಳ ದಾಖಲೆಯೊಂದಿಗೆ 2024ರಲ್ಲಿ ಹೆಸ್ಟರ್ ಹಾಲ್ ಆಫ್ ಫೇಮ್ ಸೇರಿದ. ರಿಟರ್ನ್ ಕೆಲಸವನ್ನೇ ಮುಖ್ಯವಾಗಿ ನೆಚ್ಚಿ ಅಲ್ಲಿಗೆ ತಲುಪಿದ ಮೊದಲಿಗ ಅವನು. 255 ಕ್ಯಾಚ್, 3,311 ಗಜಗಳ ರಿಸೀವರ್ ದಾಖಲೆಯೊಂದೇ ಇದ್ದಿದ್ದರೆ ಆ ಬಾಗಿಲು ಅವನಿಗೆ ತೆರೆಯುತ್ತಿರಲಿಲ್ಲ.

ವೇಗ ಒಂದೇ, ಕೆಲಸ ಬೇರೆ

ಪಂಟ್ ಹಿಡಿಯುವವನ ಕಣ್ಣಿನಿಂದ ಮೈದಾನವನ್ನು ನೋಡಿ. ಚೆಂಡು ಸುಮಾರು ನಾಲ್ಕೂವರೆ ಸೆಕೆಂಡು ಗಾಳಿಯಲ್ಲಿರುತ್ತದೆ. ಇಡೀ ಆಟ ಅವನ ಮುಂದೆಯೇ ಹರಡಿಕೊಂಡಿದೆ. ಹಿಂದೆ ಯಾರೂ ಇಲ್ಲ. ಚೆಂಡಿನ ಕೆಳಗೆ ಬಂದು, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಅಂಗೈ ಮೇಲೆ ಮಾಡಿ, ಎದೆಗೂ ತೋಳಿಗೂ ನಡುವೆ ಬುಟ್ಟಿ ಮಾಡಿಕೊಂಡು ಚೆಂಡನ್ನು ಒಳಗೆ ಬೀಳಿಸಿಕೊಳ್ಳುತ್ತಾನೆ. ಕ್ರಿಕೆಟ್ಟಿನಲ್ಲಿ ಬೌಂಡರಿ ಬಳಿ ಎತ್ತರದ ಕ್ಯಾಚಿಗೆ ಕಾಯುವ ಫೀಲ್ಡರ್ ಮಾಡುವ ಅಂದಾಜನ್ನೇ ಇವನೂ ಮಾಡಬೇಕು. ಜೊತೆಗೆ ತನ್ನತ್ತ ಓಡಿಬರುವವರ ಮೇಲೂ ಒಂದು ಕಣ್ಣಿಟ್ಟಿರಬೇಕು. ಹಿಡಿದ ಮೇಲೆ ಎಲ್ಲವೂ ಅವನ ಇಷ್ಟ. ಎಡಕ್ಕೋ ಬಲಕ್ಕೋ, ನಿಲ್ಲುವುದೋ ನುಗ್ಗುವುದೋ, ಅವನು ಹೇಗೆ ಓಡಿದರೂ ಬ್ಲಾಕರ್‌ಗಳು ಅದಕ್ಕೆ ಹೊಂದಿಕೊಳ್ಳಲು ನೋಡುತ್ತಾರೆ.

ಈಗ ಅದೇ ಆಟಗಾರನನ್ನು ಹೊರಬದಿಯ ರಿಸೀವರ್ ಆಗಿ ಆಟ ಶುರುವಾಗುವ ಗೆರೆಯ ಮೇಲೆ ನಿಲ್ಲಿಸಿ. ಒಂದು ಗಜ ಎದುರಿಗೆ ಕಾರ್ನರ್‌ಬ್ಯಾಕ್ ನಿಂತಿದ್ದಾನೆ. ನಿಯಮದ ಪ್ರಕಾರ ಮೊದಲ ಐದು ಗಜದೊಳಗೆ ಅವನು ರಿಸೀವರ್‌ನ ಎದೆಗೆ ಕೈ ಹಾಕಿ ತಡೆಯಬಹುದು. ಐದು ಗಜ ದಾಟಿದ ಮೇಲೆ ತಡೆದರೆ ಡಿಫೆನ್ಸ್‌ಗೆ ಐದು ಗಜದ ದಂಡ, ಆಫೆನ್ಸ್‌ಗೆ ಹೊಸ ಫಸ್ಟ್ ಡೌನ್ (ಮುನ್ನಡೆಯಲು ಹೊಸದಾಗಿ ನಾಲ್ಕು ಅವಕಾಶ). ಹಾಗಾಗಿ ಆಟದ ಹಣೆಬರಹ ಬಹುಮಟ್ಟಿಗೆ ಆ ಐದು ಗಜದೊಳಗೇ ನಿರ್ಧಾರವಾಗುತ್ತದೆ. ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಸಿಗುವುದು ಎರಡೂವರೆಯಿಂದ ಮೂರು ಸೆಕೆಂಡು. ರಿಟರ್ನರ್ ಇಲ್ಲಿ ಮಾಡುವ ಮೊದಲ ತಪ್ಪು ಕುಣಿಯುವುದು. ಮೂರು ನಾಲ್ಕು ಹುಸಿ ಹೆಜ್ಜೆ ಹಾಕಿ ಕಾರ್ನರ್‌ಬ್ಯಾಕನ್ನು ಸೊಗಸಾಗಿಯೇ ತಪ್ಪಿಸಿಕೊಳ್ಳುತ್ತಾನೆ. ಅಷ್ಟರಲ್ಲಿ ಒಂದು ಸೆಕೆಂಡು ಹೋಗಿರುತ್ತದೆ, ಕ್ವಾರ್ಟರ್‌ಬ್ಯಾಕ್ ಕಣ್ಣು ಬೇರೆ ಕಡೆಗೆ ತಿರುಗಿರುತ್ತದೆ. ರಿಸೀವರ್ ಹಾಕಬೇಕಾದದ್ದು ಒಂದು ಹುಸಿ ಹೆಜ್ಜೆ. ಅದರೊಡನೆಯೇ ಎದುರಾಳಿಯ ಕೈಯನ್ನು ತಟ್ಟಿ ಕೆಳಗಿಳಿಸಿ, ಅವನ ಭುಜದ ಪಕ್ಕದಿಂದ ನುಗ್ಗಿ, ಕೂಡಲೇ ಅವನ ಎದುರಿಗೆ ಬಂದು ಅವನನ್ನು ಬೆನ್ನ ಹಿಂದೆ ಹಾಕಿಕೊಳ್ಳಬೇಕು. ಪಕ್ಕಕ್ಕೆ ಸರಿದು ಗೆದ್ದು ಅಲ್ಲೇ ಪಕ್ಕದಲ್ಲೇ ಓಡುತ್ತ ಹೋದರೆ ಪಕ್ಕದ ಗೆರೆಗೆ ಒತ್ತಿಕೊಂಡಂತಾಗಿ, ಚೆಂಡು ಎಸೆಯಲು ಜಾಗವೇ ಉಳಿಯುವುದಿಲ್ಲ. ಉದ್ದಕ್ಕೂ ನೇರವಾಗಿ ಓಡುವ ಗೋ ರೂಟ್‌ನಲ್ಲಿ ಪಕ್ಕದ ಗೆರೆಯಿಂದ ಐದಾರು ಗಜ ಜಾಗ ಕಾಪಾಡಿಕೊಳ್ಳಬೇಕು ಎಂದು ಕೋಚ್‌ಗಳು ಬಾಯಿ ನೋಯುವಷ್ಟು ಹೇಳುವುದು ಇದಕ್ಕೇ.

ಎರಡನೇ ತಪ್ಪು ತಿರುವಿನಲ್ಲಿ. ರೂಟ್ ಎಂದರೆ ಅಳತೆಯ ಓಟ. ಕರ್ಲ್ ರೂಟ್‌ನಲ್ಲಿ ಹನ್ನೆರಡು ಗಜ ಹೋಗಿ ಹತ್ತಕ್ಕೆ ಹಿಂತಿರುಗಬೇಕು. ಡಿಗ್ ರೂಟ್‌ನಲ್ಲಿ ಹನ್ನೆರಡರಿಂದ ಹದಿನೈದು ಗಜ ಹೋಗಿ ಒಳಕ್ಕೆ ಮುರಿಯಬೇಕು. ಕ್ವಾರ್ಟರ್‌ಬ್ಯಾಕ್ ಚೆಂಡು ಬಿಡುವುದು ರಿಸೀವರ್ ತಿರುಗುವುದಕ್ಕೆ ಮುಂಚೆ. ಅವನು ಎಸೆಯುವುದು ಖಾಲಿ ಜಾಗಕ್ಕೆ, ಆ ಹೊತ್ತಿಗೆ ರಿಸೀವರ್ ಅಲ್ಲಿರುತ್ತಾನೆಂಬ ನಂಬಿಕೆಯ ಮೇಲೆ. ಹನ್ನೆರಡರ ಬದಲು ಹದಿಮೂರೂವರೆಗೆ ತಿರುಗಿದರೆ ಚೆಂಡು ಸೀದಾ ಡಿಫೆನ್ಸ್ ಕೈಗೆ. ವೇಗದ ಓಟಗಾರರಿಗೆ ಇದು ಇನ್ನೂ ಕಷ್ಟ. ಪೂರ್ತಿ ವೇಗದಲ್ಲಿರುವ ಮೈಯನ್ನು ಎರಡು ಮೂರು ಹೆಜ್ಜೆಯಲ್ಲಿ ನಿಲ್ಲಿಸಲು ಸೊಂಟ ಇಳಿಯಬೇಕು, ಎದೆ ಮಂಡಿಯ ಮೇಲೆ ಬರಬೇಕು. ಹಾಗಾಗದಿದ್ದರೆ ಚೂಪಾಗಿ ಮುರಿಯಬೇಕಾದ ತಿರುವು ದುಂಡಗಾಗುತ್ತದೆ, ಆ ದುಂಡಿನ ಒಳಗಿನಿಂದ ಕಾರ್ನರ್‌ಬ್ಯಾಕ್ ಬಂದು ಚೆಂಡಿಗೆ ಕೈ ಹಾಕುತ್ತಾನೆ. ರಿಟರ್ನರ್ ತನ್ನ ಕೆಲಸದಲ್ಲಿ ಸಾಮಾನ್ಯವಾಗಿ ದುಂಡಗೆ ಬಳಸಿಯೇ ಓಡುವವನು. ವೇಗ ಉಳಿಸಿಕೊಳ್ಳುವುದು ಅಲ್ಲಿ ಗುಣ.

ಮೂರನೆಯದು ಕೈ. ಬುಟ್ಟಿ ಮಾಡಿ ಎದೆಗೆ ಹಿಡಿಯುವ ಅಭ್ಯಾಸ ಪಂಟ್‌ಗೆ ಸರಿ, ಪಾಸ್‌ಗೆ ಅಪಾಯ. ಎದೆಯವರೆಗೆ ಬರಲಿ ಎಂದು ಕಾದರೆ, ಆ ಒಂದು ಅಡಿ ದೂರದಲ್ಲಿ ಎದುರಾಳಿ ಕೈ ತೂರಿಸುತ್ತಾನೆ. ಇಲ್ಲವೇ ಚೆಂಡು ಭುಜದ ಪ್ಯಾಡಿಗೆ ಬಡಿದು ಪುಟಿಯುತ್ತದೆ. ಎದೆಯ ಮೇಲಿನ ಚೆಂಡಿಗೆ ಹೆಬ್ಬೆರಳುಗಳು ಕೂಡಬೇಕು, ಸೊಂಟದ ಕೆಳಗಿನ ಚೆಂಡಿಗೆ ಕಿರುಬೆರಳುಗಳು ಕೂಡಬೇಕು, ಕೈ ಮೈಯಿಂದ ದೂರ ಚಾಚಿರಬೇಕು. ಬಾಲ್ ಮಷೀನ್ ಮುಂದೆ ದಿನಕ್ಕೆ ನೂರು ಕ್ಯಾಚ್ ಹಿಡಿಸಿದರೂ ಹಳೆಯ ಅಭ್ಯಾಸ ಒಂದು ಬೇಸಿಗೆಯಲ್ಲಿ ಪೂರ್ತಿ ಹೋಗುವುದಿಲ್ಲ. ಪಂದ್ಯದ ಒತ್ತಡದಲ್ಲಿ, ಅದರಲ್ಲೂ ಮಧ್ಯದ ಮೈದಾನದಲ್ಲಿ ಏಟು ಬೀಳುತ್ತದೆಂದು ಗೊತ್ತಿದ್ದಾಗ, ಕೈ ತಾನಾಗಿಯೇ ಎದೆಯ ಕಡೆಗೆ ಬರುತ್ತದೆ.

ಎಲ್ಲಕ್ಕಿಂತ ನಿಧಾನವಾಗಿ ಬರುವುದು ಓದು. ಸ್ನ್ಯಾಪ್ ಆದ ಮೇಲೆ ಡಿಫೆನ್ಸ್‌ನ ಹಿಂಬದಿ ಕಾಯುವ ಇಬ್ಬರು ಸೇಫ್ಟಿಗಳು ಹಿಂದಕ್ಕೆ ಹೋದರೋ ಒಬ್ಬನೋ ಎಂದು ಓಡುತ್ತಲೇ ಗುರುತಿಸಿ ರೂಟನ್ನು ಬದಲಿಸಿಕೊಳ್ಳಬೇಕು. ಡಿಫೆನ್ಸ್ ಬ್ಲಿಟ್ಜ್ ಮಾಡಿದರೆ, ಅಂದರೆ ಹೆಚ್ಚು ಜನರನ್ನು ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿಸಿದರೆ, ಉದ್ದ ಓಟವನ್ನು ಬಿಟ್ಟು ಥಟ್ಟನೆ ಒಳಕ್ಕೆ ತಿರುಗಬೇಕು. ಕ್ವಾರ್ಟರ್‌ಬ್ಯಾಕ್ ಕೂಡ ಅದೇ ಕ್ಷಣದಲ್ಲಿ ಅದನ್ನೇ ಓದಿರುತ್ತಾನೆ. ಇಬ್ಬರ ಓದು ಬೇರೆಯಾದರೆ ಇಂಟರ್‌ಸೆಪ್ಷನ್ (ಪಾಸ್ ಎದುರಾಳಿ ಕೈಗೆ), ಬೈಗುಳ ಮಾತ್ರ ಕ್ವಾರ್ಟರ್‌ಬ್ಯಾಕ್‌ಗೆ. ಒಂದೆರಡು ಸಲ ಹೀಗಾದರೆ ಅವನು ಆ ರಿಸೀವರ್ ಕಡೆ ನೋಡುವುದನ್ನೇ ಬಿಡುತ್ತಾನೆ. ಹೊಸ ರಿಸೀವರ್‌ಗೆ ಚೆಂಡು ಯಾಕೆ ಬರುತ್ತಿಲ್ಲ ಎಂದು ಅಭಿಮಾನಿಗಳು ಕೋಚನ್ನು ದೂರುವ ಎಷ್ಟೋ ಪ್ರಸಂಗಗಳಲ್ಲಿ ನಿಜವಾದ ಕಾರಣ ಇದೇ ಇರುತ್ತದೆ.

ಗೆದ್ದವರು ಹೇಗೆ ಗೆದ್ದರು

ಸ್ಟೀವ್ ಸ್ಮಿತ್ 2001ರಲ್ಲಿ ಕ್ಯಾರೊಲಿನಾ ಪ್ಯಾಂಥರ್ಸ್‌ಗೆ ಬಂದಾಗ ರಿಟರ್ನರ್ ಆಗಿಯೇ ಹೆಸರು ಮಾಡಿದ. ಆ ವರ್ಷ ಹಿಡಿದದ್ದು 10 ಪಾಸ್ ಅಷ್ಟೆ. 2005ರಲ್ಲಿ 103 ಕ್ಯಾಚ್, 1,563 ಗಜ, 12 ಟಚ್‌ಡೌನ್‌ಗಳೊಂದಿಗೆ ಮೂರೂ ಪಟ್ಟಿಗಳಲ್ಲಿ ಲೀಗಿಗೇ ಮೊದಲಿಗನಾದ. 2010ರಲ್ಲಿ ಆರನೇ ಸುತ್ತಿನಲ್ಲಿ ಆಯ್ಕೆಯಾದ ಆಂಟೋನಿಯೊ ಬ್ರೌನ್ 2011ರಲ್ಲಿ ಒಂದೇ ಸೀಸನ್ನಿನಲ್ಲಿ 1,108 ಗಜ ಪಾಸ್, 1,062 ಗಜ ರಿಟರ್ನ್ ದಾಖಲಿಸಿದ. ಎರಡರಲ್ಲೂ ಸಾವಿರ ದಾಟಿದ ಮೊದಲ ಆಟಗಾರ ಅವನು. ಈ ಇಬ್ಬರನ್ನೂ ರಿಟರ್ನರ್ ರಿಸೀವರ್ ಆದ ಕತೆಗಳೆಂದು ಹೇಳಿಕೊಂಡು ಬರುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ಅಷ್ಟು ಸರಿಯಲ್ಲ. ಸ್ಮಿತ್ ಯೂಟಾದಲ್ಲಿ ರಿಸೀವರ್ ಆಗಿಯೇ ಆಡಿದ್ದವನು. ಬ್ರೌನ್ ಸೆಂಟ್ರಲ್ ಮಿಶಿಗನ್‌ನಲ್ಲಿ ಮುನ್ನೂರಕ್ಕೂ ಹೆಚ್ಚು ಪಾಸ್ ಹಿಡಿದು ಬಂದವನು. ಅವರು ಮೊದಲಿನಿಂದಲೂ ರಿಸೀವರ್‌ಗಳು. ತಂಡದಲ್ಲಿ ಜಾಗ ಖಾಲಿಯಾಗುವವರೆಗೆ ರಿಟರ್ನ್ ಮಾಡಿದರು.

ನಿಜವಾದ ಪರಿವರ್ತನೆ ಟೈರೀಕ್ ಹಿಲ್‌ನದು. ಕಾಲೇಜಿನಲ್ಲಿ ಹೆಚ್ಚಾಗಿ ರನ್ನಿಂಗ್ ಬ್ಯಾಕ್ (ಚೆಂಡನ್ನು ಕೈಗೆ ಪಡೆದು ಓಡುವವನು) ಆಗಿದ್ದವನನ್ನು 2016ರಲ್ಲಿ ಕ್ಯಾನ್ಸಸ್ ಸಿಟಿ ಚೀಫ್ಸ್ ಐದನೇ ಸುತ್ತಿನಲ್ಲಿ ತೆಗೆದುಕೊಂಡಿತು. ಕೋಚ್ ಆಂಡಿ ರೀಡ್ ಮೊದಲ ವರ್ಷವೇ ಅವನನ್ನು ಹೊರಬದಿಯಲ್ಲಿ ನಿಲ್ಲಿಸಿ ಪೂರ್ತಿ ರೂಟ್‌ಗಳ ಭಾರ ಹೊರಿಸಲಿಲ್ಲ. ಓಟಕ್ಕೆ ಮೊದಲೇ ಅಡ್ಡ ಚಲಿಸುವ ಮೋಷನ್, ಸ್ಕ್ರೀನ್, ಜೆಟ್ ಸ್ವೀಪ್, ಹಿಂದಿನಿಂದ ಕೊಡುವ ಹ್ಯಾಂಡ್‌ಆಫ್, ಹೀಗೆ ಚೆಂಡು ಬೇಗ ಕೈಗೆ ಸಿಗುವ ದಾರಿಗಳನ್ನೇ ಹೆಚ್ಚು ಬಳಸಿದ. ಆ ವರ್ಷ 61 ಕ್ಯಾಚ್‌ಗೆ 593 ಗಜ, ಅಂದರೆ ಕ್ಯಾಚ್‌ಗೆ ಹತ್ತು ಗಜಕ್ಕೂ ಕಡಿಮೆ. 2017ರಲ್ಲಿ 75 ಕ್ಯಾಚ್‌ಗೆ 1,183 ಗಜ, ಹದಿನಾರರ ಹತ್ತಿರ. ಈ ಎರಡು ಸರಾಸರಿಗಳ ಅಂತರದಲ್ಲೇ ಅವನಿಗೆ ಪಾಠ ಹೇಳಿಕೊಟ್ಟ ಕ್ರಮ ಕಾಣುತ್ತದೆ: ಮೊದಲು ಚೆಂಡು ಕೈಗಿಟ್ಟರು, ಆಮೇಲೆ ರೂಟ್ ಕಲಿಸಿದರು. 2017ರಲ್ಲೂ 2018ರಲ್ಲೂ ಅವನು ಪಂಟ್ ಹಿಡಿಯುವುದನ್ನು ಬಿಡಲಿಲ್ಲ. ಎರಡೂ ವರ್ಷ ಒಂದೊಂದು ಟಚ್‌ಡೌನ್ ಬಂತು.

ಇತ್ತೀಚಿನವರಲ್ಲಿ ಡೆನ್ವರ್‌ನ ಮಾರ್ವಿನ್ ಮಿಮ್ಸ್ ಜೂನಿಯರ್ ಇದೇ ದಾರಿಯಲ್ಲಿ ನಡೆದಿದ್ದಾನೆ: ರಿಟರ್ನರ್ ಆಗಿ ಪ್ರೊ ಬೌಲ್ (ಲೀಗಿನ ತಾರಾ ಆಟಗಾರರ ತಂಡ), ಆಮೇಲೆ 2024ರಲ್ಲಿ 39 ಕ್ಯಾಚ್, 503 ಗಜ, 6 ಟಚ್‌ಡೌನ್. ಡ್ರಾಫ್ಟ್‌ನಲ್ಲಿ ಯಾರೂ ಆರಿಸದ ರಶೀದ್ ಶಹೀದ್ ನ್ಯೂ ಆರ್ಲಿಯನ್ಸ್‌ನಲ್ಲಿ 2023ರಲ್ಲಿ 719 ಗಜ ಪಾಸ್ ಹಿಡಿಯುತ್ತಲೇ ಪಂಟ್ ರಿಟರ್ನ್‌ನಲ್ಲೂ ಲೀಗಿನ ಮುಂಚೂಣಿಯಲ್ಲಿದ್ದ. 2025ರ ನವೆಂಬರ್‌ನಲ್ಲಿ ಸಿಯಾಟಲ್ ಅವನನ್ನು ಟ್ರೇಡ್ ಮಾಡಿಕೊಂಡಾಗ ಎರಡೂ ಕೆಲಸಗಳ ಮೇಲೆ ಅದರ ಕಣ್ಣಿತ್ತು.

ನಿಯಮ ಬದಲಾಗಿದೆ, ಲೆಕ್ಕವೂ

ಹತ್ತು ವರ್ಷದ ಹಿಂದೆ ಈ ಚರ್ಚೆಗೆ ರಿಸೀವರ್ ಪರವಾಗಿ ಬಲವಾದ ಕಾರಣವೊಂದಿತ್ತು. ರಿಟರ್ನ್ ಎಂಬುದೇ ಆಟದಿಂದ ಮಾಯವಾಗುತ್ತಿತ್ತು. 2011ರಲ್ಲಿ ಕಿಕ್‌ಆಫನ್ನು 30ರಿಂದ 35ನೇ ಗಜದ ಗೆರೆಗೆ ಸರಿಸಿದರು. ಚೆಂಡು ಸುಲಭವಾಗಿ ಗೋಲ್ ಗೆರೆಯಾಚೆಯ ಎಂಡ್ ಝೋನ್ ಸೇರತೊಡಗಿತು. 2023ರಲ್ಲಿ ಕಿಕ್‌ಆಫ್‌ಗಳಲ್ಲಿ ಸುಮಾರು 22% ಮಾತ್ರ ರಿಟರ್ನ್ ಆದವು. ಆ ಸೀಸನ್ನಿನ ಸೂಪರ್ ಬೌಲ್‌ನ 13 ಕಿಕ್‌ಆಫ್‌ಗಳಲ್ಲಿ ಹದಿಮೂರೂ ಟಚ್‌ಬ್ಯಾಕ್, ಅಂದರೆ ರಿಟರ್ನ್ ಇಲ್ಲ. ಕೆಲಸವೇ ಇಲ್ಲದ ಕೆಲಸಗಾರನಿಗೆ ಬೇರೆ ಕೆಲಸ ಹುಡುಕುವುದು ಆಗ ನ್ಯಾಯವಾಗಿಯೇ ಇತ್ತು.

2024ರಲ್ಲಿ ಕಿಕ್‌ಆಫ್ ಸ್ವರೂಪವೇ ಬದಲಾಯಿತು. ಒದೆಯುವವನು ತನ್ನ 35ರಲ್ಲೇ ನಿಲ್ಲುತ್ತಾನೆ. ಅವನ ಹತ್ತು ಸಂಗಡಿಗರು ಎದುರಾಳಿಯ 40ನೇ ಗಜದಲ್ಲಿ. ರಿಟರ್ನ್ ತಂಡದ ಬ್ಲಾಕರ್‌ಗಳು ಅವರ ಎದುರಿಗೇ 30 ಮತ್ತು 35ರ ನಡುವೆ. ಗೋಲ್ ಗೆರೆಯಿಂದ 20ರವರೆಗಿನ ಜಾಗದಲ್ಲಿ ಒಬ್ಬರು ಅಥವಾ ಇಬ್ಬರು ರಿಟರ್ನರ್‌ಗಳು. ಚೆಂಡು ನೆಲಕ್ಕೋ ಆಟಗಾರನಿಗೋ ತಾಗುವವರೆಗೆ ಒದ್ದವನು ಮತ್ತು ರಿಟರ್ನರ್‌ಗಳ ಹೊರತು ಯಾರೂ ಕದಲುವಂತಿಲ್ಲ. ಚೆಂಡು ಆ ಜಾಗದಲ್ಲಿ ಬಿದ್ದರೆ ರಿಟರ್ನ್ ಮಾಡಲೇಬೇಕು. 2024ರಲ್ಲಿ ರಿಟರ್ನ್ ಪ್ರಮಾಣ ಸುಮಾರು 33%ಗೆ ಏರಿತು. 2025ರಲ್ಲಿ ನೇರವಾಗಿ ಎಂಡ್ ಝೋನ್‌ಗೆ ಒದ್ದರೆ ಚೆಂಡನ್ನು 30ರ ಬದಲು 35ಕ್ಕೆ ತರಬೇಕೆಂದು ಮಾಡಿದ ಮೇಲೆ ಅದು ಹಿಂದಿನ ವರ್ಷದ ಎರಡು ಪಟ್ಟಿಗೂ ಹೆಚ್ಚಾಯಿತು.

ಅಂದರೆ ರಿಟರ್ನರ್‌ಗೆ ಮತ್ತೆ ತುಂಬು ಕೆಲಸವಿದೆ. ಅದರ ಜೊತೆಗೆ ಕೆಲಸದ ಗುಣವೂ ಬದಲಾಗಿದೆ ಎಂಬುದನ್ನು ಗಮನಿಸಬೇಕು. ಹಳೆಯ ಕಿಕ್‌ಆಫ್‌ನಲ್ಲಿ ಅಗಲವಾದ ಮೈದಾನ, ದೂರದಿಂದ ಓಡಿಬರುವ ಎದುರಾಳಿಗಳು. ಹೊಸದರಲ್ಲಿ ಎರಡು ಸಾಲುಗಳು ಐದು ಗಜದ ಅಂತರದಲ್ಲಿ ಎದುರುಬದುರು ನಿಂತಿರುತ್ತವೆ. ಒಂದು ಸಂದು ಕಂಡೊಡನೆ ನುಗ್ಗಬೇಕು. ಅದು ರನ್ನಿಂಗ್ ಬ್ಯಾಕ್‌ನ ಕಣ್ಣು. ಹಾಗಾಗಿ ಹಲವು ತಂಡಗಳು ಕಿಕ್‌ಆಫ್‌ಗೆ ರನ್ನಿಂಗ್ ಬ್ಯಾಕ್‌ಗಳನ್ನು ನಿಲ್ಲಿಸುತ್ತಿವೆ, ಪಂಟ್‌ಗೆ ಬೇರೆಯವರನ್ನು. ಹೊಸ ಕಿಕ್‌ಆಫ್‌ನಲ್ಲಿ ಮಿಂಚಿದವನು ರಿಸೀವರ್ ಆಗುತ್ತಾನೆಂದು ಅಂದಾಜಿಸುವುದು ಹಿಂದಿಗಿಂತಲೂ ಕಡಿಮೆ ಆಧಾರವುಳ್ಳ ಮಾತು.

ಹಣದ ಸೆಳೆತ ಮಾತ್ರ ಇನ್ನೊಂದು ದಿಕ್ಕಿಗೇ ಇದೆ. 2024ರಲ್ಲಿ ಕಿಕ್‌ಆಫ್ ಒಂದನ್ನು 99 ಗಜ, ಪಂಟ್ ಒಂದನ್ನು 60 ಗಜ ಓಡಿ ಟಚ್‌ಡೌನ್ ಮಾಡಿದ ಡಲ್ಲಾಸ್‌ನ ಕವಾಂಟೆ ಟರ್ಪಿನ್‌ಗೆ 2025ರಲ್ಲಿ ಸಿಕ್ಕಿದ್ದು ಮೂರು ವರ್ಷಕ್ಕೆ ಗರಿಷ್ಠ 1.8 ಕೋಟಿ ಡಾಲರ್. ರಿಟರ್ನರ್‌ಗೆ ಅದು ಭಾರೀ ಮೊತ್ತ. ಅದೇ ವರ್ಷ ಸಿನ್ಸಿನಾಟಿಯ ರಿಸೀವರ್ ಜಮಾರ್ ಚೇಸ್‌ಗೆ ವರ್ಷವೊಂದಕ್ಕೇ ಸರಾಸರಿ ನಾಲ್ಕು ಕೋಟಿ ಡಾಲರ್ ದಾಟಿತು. ಆಟಗಾರ ರಿಸೀವರ್ ಆಗಲು ಹಂಬಲಿಸಿದರೆ ಅದನ್ನು ದುರಾಸೆ ಎನ್ನಬಾರದು. ಇದು ಹತ್ತು ವರ್ಷವೂ ಬಾಳದ ವೃತ್ತಿ.

ಮಾಡುವುದಾದರೆ ಹೀಗೆ

ಮೊದಲು ಸ್ಥಾನ. ಆಫೆನ್ಸ್‌ನ ಏಳು ಮಂದಿ ಗೆರೆಯ ಮೇಲೆ ಇರಲೇಬೇಕೆಂಬ ನಿಯಮದಿಂದಾಗಿ ಎಕ್ಸ್ ಎಂದು ಕರೆಯುವ ರಿಸೀವರ್ ಗೆರೆಯ ಮೇಲೆ ನಿಲ್ಲುತ್ತಾನೆ, ಕಾರ್ನರ್‌ಬ್ಯಾಕ್ ಕೈ ಅವನಿಗೆ ಸುಲಭವಾಗಿ ತಾಗುತ್ತದೆ. ಒಳಬದಿಯ ಸ್ಲಾಟ್ ರಿಸೀವರ್ ಅಥವಾ ಇನ್ನೊಂದು ಹೊರಬದಿಯ ಝೆಡ್ ರಿಸೀವರ್ ಒಂದು ಗಜ ಹಿಂದೆ ನಿಲ್ಲಬಹುದು, ಸ್ನ್ಯಾಪ್‌ಗೆ ಮುಂಚೆ ಅಡ್ಡ ಚಲಿಸಬಹುದು. ರಿಟರ್ನರ್‌ನನ್ನು ಶುರುವಿನಲ್ಲಿ ಎಕ್ಸ್ ಮಾಡುವುದು ಅವನ ದೌರ್ಬಲ್ಯವನ್ನೇ ಎದುರಾಳಿಗೆ ಒಪ್ಪಿಸಿದಂತೆ. ಸ್ಲಾಟ್‌ನಲ್ಲಿ ನಿಲ್ಲಿಸಿ, ಇನ್ನೊಬ್ಬ ರಿಸೀವರ್‌ನ ಹಿಂದೆ ಸಾಲಾಗಿ ನಿಲ್ಲಿಸಿ, ಮೋಷನ್ ಕೊಡಿ. ಎದುರಾಳಿಗೆ ಕೈ ಹಾಕಲು ಸಿಗುವುದಿಲ್ಲ.

ರೂಟ್‌ಗಳು ಮೂರು ಸಾಕು: ಸ್ಲ್ಯಾಂಟ್ (ಓರೆಯಾಗಿ ಒಳಕ್ಕೆ), ಕರ್ಲ್, ಗೋ. ಮೂರರ ಮೊದಲ ಹೆಜ್ಜೆಗಳು ಒಂದೇ ತರಹ ಕಾಣಬೇಕು, ಆಗ ಮಾತ್ರ ಅವನ ವೇಗದ ಭಯ ಕೆಲಸ ಮಾಡುತ್ತದೆ. ಗೋ ಎಂದು ನಂಬಿ ಕಾರ್ನರ್‌ಬ್ಯಾಕ್ ಹಿಂದೆ ಓಡಿದಾಗ ಕರ್ಲ್ ತೆರೆದುಕೊಳ್ಳುತ್ತದೆ. ಐದನೇ ಗಜಕ್ಕೂ ಹನ್ನೆರಡನೇ ಗಜಕ್ಕೂ ಕೋನ್ ಇಟ್ಟು, ಎಂಡ್ ಝೋನ್ ಕಡೆಯಿಂದ ವಿಡಿಯೊ ತೆಗೆದು, ತಿರುವಿನಲ್ಲಿ ಎಷ್ಟು ಹೆಜ್ಜೆ ಹಾಕಿದ ಎಂದು ಎಣಿಸಿ. ಮೂರಕ್ಕಿಂತ ಹೆಚ್ಚಾದರೆ ಮುಂದಿನ ರೂಟ್‌ಗೆ ಹೋಗಬೇಡಿ. ಈ ಮೂರು ಗಟ್ಟಿಯಾದ ಮೇಲೆ ಔಟ್ (ಹೊರಕ್ಕೆ ಮುರಿಯುವುದು) ಮತ್ತು ಡಿಗ್. ಆಯ್ಕೆಯ ರೂಟ್‌ಗಳು ಎರಡನೇ ವರ್ಷಕ್ಕಿರಲಿ.

ಸ್ನ್ಯಾಪ್‌ಗಳ ಮಿತಿ ಪಂದ್ಯಕ್ಕೆ ಹದಿನೈದರಿಂದ ಇಪ್ಪತ್ತು. ಇಲ್ಲೊಂದು ಬಲೆ ಇದೆ. ಅವನು ಒಳಗೆ ಬಂದಾಗಲೆಲ್ಲ ಸ್ಕ್ರೀನೋ ಸ್ವೀಪೋ ಆಡಿಸಿದರೆ ಮೂರನೇ ವಾರದ ಹೊತ್ತಿಗೆ ಎದುರಾಳಿಗಳು ವಿಡಿಯೊ ನೋಡಿ ಕಂಡುಹಿಡಿಯುತ್ತಾರೆ. ಆ ಇಪ್ಪತ್ತರಲ್ಲಿ ಅರ್ಧದಷ್ಟು ಚೆಂಡು ಅವನಿಗೆ ಬಾರದ ಆಟಗಳಿರಬೇಕು. ಅವನು ಬ್ಲಾಕ್ ಮಾಡಬೇಕು, ಇಲ್ಲವೇ ಸೇಫ್ಟಿಯನ್ನು ಹಿಂದಕ್ಕೆ ಎಳೆದುಕೊಂಡು ಓಡಬೇಕು. ಟರ್ಪಿನ್ 2024ರಲ್ಲಿ 31 ಕ್ಯಾಚ್‌ಗೆ 420 ಗಜ ತಂದ. ಇಂಥ ಅಳತೆಯ ಪಾತ್ರದಿಂದ ನಿರೀಕ್ಷಿಸಬಹುದಾದ ಒಳ್ಳೆಯ ಫಲ ಇದು.

ದಣಿವಿನ ವಿಷಯದಲ್ಲಿ ಹಲವರು ಮರೆಯುವ ಸೂಕ್ಷ್ಮವೊಂದಿದೆ. ರಿಟರ್ನ್ ಆಗುವುದು ಆಫೆನ್ಸ್ ಮೈದಾನಕ್ಕೆ ಬರುವುದಕ್ಕೆ ಸ್ವಲ್ಪವೇ ಮುಂಚೆ. ಅಂದರೆ ರಿಟರ್ನ್ ಹೊತ್ತಿಗೆ ಅವನು ದಣಿವಾರಿಸಿಕೊಂಡಿರುತ್ತಾನೆ. ಆದರೆ ಪೂರ್ತಿ ವೇಗದಲ್ಲಿ ನಲವತ್ತು ಗಜ ಓಡಿ, ಏಟು ತಿಂದು ಎದ್ದ ಒಂದೆರಡು ನಿಮಿಷದಲ್ಲೇ ರಿಸೀವರ್ ಆಗಿ ಮತ್ತೆ ಓಡಬೇಕು. ತೊಡೆಯ ಹಿಂಬದಿಯ ಸ್ನಾಯು ಸೆಳೆಯುವುದು ಇಂಥ ಹೊತ್ತಿನಲ್ಲೇ. ರಿಟರ್ನ್ ಆದ ಮೇಲಿನ ಮೊದಲ ಮೂರು ಆಟಗಳಿಗೆ ಅವನನ್ನು ಹೊರಗಿಡುವುದು ಒಳ್ಳೆಯದು. ಅಭ್ಯಾಸದ ಸಮಯವೂ ಹಾಗೆಯೇ ಹಂಚಿಹೋಗುತ್ತದೆ. ಒದೆತ, ರಿಟರ್ನ್‌ಗಳ ಸ್ಪೆಷಲ್ ಟೀಮ್ಸ್ ಅಭ್ಯಾಸ ಒಂದು ಕಡೆ ನಡೆಯುವಾಗ ಎಷ್ಟೋ ಕಡೆ ಕ್ವಾರ್ಟರ್‌ಬ್ಯಾಕ್‌ಗಳು ಇನ್ನೊಂದು ಕಡೆ ರಿಸೀವರ್‌ಗಳ ಜೊತೆ ಚೆಂಡು ಎಸೆಯುತ್ತಿರುತ್ತಾರೆ. ಯಾರ ಟೈಮಿಂಗ್ ಎಲ್ಲಕ್ಕಿಂತ ಕಚ್ಚಾ ಇದೆಯೋ ಅವನೇ ಆ ಹೊತ್ತಿನಲ್ಲಿ ಅಲ್ಲಿರುವುದಿಲ್ಲ. ವಾರಕ್ಕೆ ಎರಡು ದಿನವಾದರೂ ಅಭ್ಯಾಸ ಮುಗಿದ ಮೇಲೆ ಇಪ್ಪತ್ತು ನಿಮಿಷ ಕ್ವಾರ್ಟರ್‌ಬ್ಯಾಕ್ ಜೊತೆ ಬಿಡದಿದ್ದರೆ ಈ ಪ್ರಯೋಗವನ್ನೇ ಕೈಗೆತ್ತಿಕೊಳ್ಳಬಾರದು.

ಪಂಟ್ ಕೆಲಸವನ್ನು ಮಾತ್ರ ಅವನಿಂದ ಕಿತ್ತುಕೊಳ್ಳಬೇಡಿ. ಒಳ್ಳೆಯ ಪಂಟ್ ರಿಟರ್ನರ್ ಇದ್ದಾನೆಂದರೆ ಎದುರಾಳಿ ಪಕ್ಕದ ಗೆರೆಯಾಚೆಗೆ ಒದೆಯಲು ಹೋಗಿ ಗಜಗಳನ್ನು ಕಳೆದುಕೊಳ್ಳುತ್ತಾನೆ. ಆ ಗಜಗಳು ಯಾವ ಆಟಗಾರನ ಹೆಸರಿಗೂ ಜಮೆಯಾಗುವುದಿಲ್ಲ, ಆದರೆ ಆಫೆನ್ಸ್ ಆಟ ಶುರುಮಾಡುವ ಗೆರೆ ಮುಂದಕ್ಕೆ ಬಂದಿರುತ್ತದೆ.

ಎರಡು ಸೀಸನ್ ಕಳೆದರೂ ಗೆರೆಯ ಬಳಿಯ ಕುಣಿತ ನಿಲ್ಲದಿದ್ದರೆ, ಅಭ್ಯಾಸದ ಹತ್ತು ಎದುರುಬದುರು ಆಟಗಳಲ್ಲಿ ಆರರಲ್ಲಾದರೂ ಸಮಯಕ್ಕೆ ಸರಿಯಾಗಿ ಬಿಡಿಸಿಕೊಂಡು ಬರದಿದ್ದರೆ, ರಿಸೀವರ್ ಯೋಚನೆಯನ್ನು ಕೈಬಿಡಬೇಕು. ಹಾಗೆಂದು ಆಟಗಾರನನ್ನೇ ಕೈಬಿಡಬೇಕಿಲ್ಲ. ಕಾರ್ಡರೆಲ್ ಪ್ಯಾಟರ್ಸನ್‌ನನ್ನು 2013ರಲ್ಲಿ ಮಿನೆಸೋಟ ವೈಕಿಂಗ್ಸ್ ರಿಸೀವರ್ ಎಂದೇ ಮೊದಲ ಸುತ್ತಿನಲ್ಲಿ ಆರಿಸಿತ್ತು. ಮೊದಲ ವರ್ಷ 45 ಕ್ಯಾಚ್, ಮೂರನೇ ವರ್ಷಕ್ಕೆ ಕೇವಲ 2. ಕಿಕ್‌ಆಫ್ ರಿಟರ್ನ್ ಮಾತ್ರ ಅವನ ಕೈಯಲ್ಲಿ ಉಳಿಯಿತು. ಒಂಬತ್ತು ಟಚ್‌ಡೌನ್‌ಗಳ ದಾಖಲೆಯೂ ಮುಂದೆ ಅವನದಾಯಿತು. 2021ರಲ್ಲಿ, ಮೂವತ್ತನೇ ವಯಸ್ಸಿನಲ್ಲಿ, ಅಟ್ಲಾಂಟಾ ಫಾಲ್ಕನ್ಸ್ ಅವನನ್ನು ರನ್ನಿಂಗ್ ಬ್ಯಾಕ್ ಮಾಡಿ ನಿಲ್ಲಿಸಿತು. ಕ್ವಾರ್ಟರ್‌ಬ್ಯಾಕ್ ಪಕ್ಕದಲ್ಲೇ ನಿಂತು ಚೆಂಡನ್ನು ಕೈಗೆ ತೆಗೆದುಕೊಳ್ಳುವಾಗ ಕಾರ್ನರ್‌ಬ್ಯಾಕ್‌ನ ತಡೆ ಇರಲಿಲ್ಲ, ಹನ್ನೆರಡು ಗಜದ ಅಳತೆಯೂ ಇರಲಿಲ್ಲ. ಆ ವರ್ಷ ಓಟದಲ್ಲಿ 618 ಗಜ, ಪಾಸ್ ಹಿಡಿದು 548 ಗಜ, ಒಟ್ಟು 11 ಟಚ್‌ಡೌನ್. ರಿಸೀವರ್ ಪ್ರಯೋಗದ ಮೊದಲ ಬೇಸಿಗೆಯಲ್ಲೇ ವಾರಕ್ಕೊಂದು ದಿನ ಅವನನ್ನು ರನ್ನಿಂಗ್ ಬ್ಯಾಕ್‌ಗಳ ಜೊತೆಗೂ ಅಭ್ಯಾಸಕ್ಕೆ ಕಳಿಸಿ ನೋಡಿದರೆ, ಇದು ತಿಳಿಯಲು ಎಂಟು ವರ್ಷ ಕಾಯಬೇಕಾಗುವುದಿಲ್ಲ.